ಸಂರಕ್ಷಣೆ ಎಂದು ಬರೆದದ್ದು ನಾನೇ

ನನ್ನ ಕೈಬರಹ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ನಮ್ಮ ಅಕ್ಕಪಕ್ಕದ, ಹಿಂದುಮುಂದಿನ ಹತ್ತು ಮನೆಗಳವರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಹನ್ನೊಂದನೆಯ ಮನೆಯ ಅಜ್ಜಿ ಬಿಟ್ಟಿಲ್ಲ; ಮಾತು ಬಿಟ್ಟರೆ ಬೈಯುವುದು ಹೇಗೆ? ಹನ್ನೆರಡನೆಯ ಮನೆ ನಮ್ಮದು.

ಕೈಬರಹ ಕಲಿಸಿದ್ದು ಕಾನ್ವೆಂಟಿನ ಸಿಸ್ಟರ್. ನಾಲ್ಕು ಗೆರೆಯ ಪುಸ್ತಕದಲ್ಲಿ ಅಕ್ಷರದ ಬಾಲ ಗೆರೆ ದಾಟಿದರೆ ಬೆರಳಿನ ಗೆಣ್ಣಿಗೆ ಸ್ಕೇಲಿನ ಅಂಚು ಬೀಳುತ್ತಿತ್ತು. ಕನ್ನಡ ನಮಗೆ ಸೆಕೆಂಡ್ ಲ್ಯಾಂಗ್ವೇಜು. ಊಟದ ನಂತರದ ಪೀರಿಯಡ್ಡಿನಲ್ಲಿ, ಅರ್ಧ ತರಗತಿ ತೂಕಡಿಸುತ್ತಿರುವಾಗ ಕನ್ನಡದ ಮಿಸ್ಸು ಬರುತ್ತಿದ್ದರು. ಹಾಗಾಗಿ ನನ್ನ ಅಕ್ಷರಗಳು ದುಂಡಗೆ, ಒಂದೇ ಎತ್ತರಕ್ಕೆ ಕೂರುತ್ತವೆ. ಪದಗಳ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಅಂದಾಜಿನ ಮೇಲೆ ನಡೆಯುವವಳು.

ರಾಜಾಜಿನಗರದ ನಮ್ಮ ಕಡೆ ಮನೆಗಳು ಒಂದಕ್ಕೊಂದು ಬೆನ್ನು ಹಾಕಿ ನಿಂತಿವೆ. ಎರಡು ಸಾಲಿನ ಬೆನ್ನುಗಳ ನಡುವೆ ಒಂದು ಕಿರಿದಾದ ಓಣಿ ಇರಬೇಕು. ಅದಕ್ಕೆ ಎಲ್ಲರೂ ಕನ್ಸರ್ವೆನ್ಸಿ ಎನ್ನುತ್ತಾರೆ. ನಾನು ಮದುವೆಯಾಗಿ ಈ ಮನೆಗೆ ಬರುವ ಹೊತ್ತಿಗೆ ಆ ಓಣಿ ಹೆಸರಿನಲ್ಲಷ್ಟೇ ಉಳಿದಿತ್ತು. ಆರು ಮನೆ ಈ ಕಡೆಯಿಂದ, ಆರು ಮನೆ ಆ ಕಡೆಯಿಂದ, ನಿದ್ದೆಯಲ್ಲಿ ಹೊರಳಿದವರ ಹಾಗೆ ಸ್ವಲ್ಪ ಸ್ವಲ್ಪವೇ ಜರುಗಿ ಓಣಿಯನ್ನು ಹಂಚಿಕೊಂಡಿದ್ದವು. ನಮ್ಮ ಮಾವನವರೂ ಹಿಂದಕ್ಕೆ ಗೋಡೆ ಸರಿಸಿ, ಅಲ್ಲೊಂದು ಒಗೆಯುವ ಕಲ್ಲು ಹಾಕಿಸಿ, ಪಕ್ಕದಲ್ಲಿ ಕರಿಬೇವಿನ ಗಿಡ ನೆಟ್ಟಿದ್ದರು. ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಒಂದು ರೂಮನ್ನೇ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಅಲ್ಲಿ ಬಾಗಲಕೋಟೆ ಕಡೆಯ ಗಂಡಹೆಂಡತಿ ಇದ್ದರು. ಗಂಡ ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸಕ್ಕೆ ಹೋಗುತ್ತಿದ್ದ. ಹೆಂಡತಿ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುತ್ತಿದ್ದಳು. ಬೆಳಿಗ್ಗೆ ನಾನು ಕಲ್ಲಿನ ಮೇಲೆ ಬಟ್ಟೆ ಕುಕ್ಕುವ ಸದ್ದೂ ಅವಳು ರೊಟ್ಟಿ ಬಡಿಯುವ ಸದ್ದೂ ಒಂದರ ಹಿಂದೊಂದು ನಡೆಯುತ್ತಿದ್ದವು.

ಮಹಡಿಯ ಮೇಲೆ ನನ್ನ ನಾದಿನಿ ಇದ್ದಾಳೆ. ಮದುವೆ ಬೇಡವೆಂದವಳು, ಆರ್ಕಿಟೆಕ್ಟ್. ಇಪ್ಪತ್ತೆರಡು ವರ್ಷ ಹಸಿರು ಕಟ್ಟಡಗಳ ಕೆಲಸ ಮಾಡಿದಳು. ಅದೇನು ಕೆಲಸ ಎಂದು ನನ್ನ ತವರಿನವರು ಕೇಳಿದಾಗಲೆಲ್ಲ ನಾನು ಹೇಳುತ್ತಿದ್ದದ್ದು ಇಷ್ಟೇ: ಕಟ್ಟುತ್ತಿರುವ ಮನೆಯ ಯಾವ ಗೋಡೆಗೆ ಎಷ್ಟು ಬಿಸಿಲು ಬೀಳುತ್ತದೆ, ಮಳೆ ನೀರು ಎಲ್ಲಿಗೆ ಹೋಗುತ್ತದೆ, ಒಡೆದ ಇಟ್ಟಿಗೆ ಯಾವ ಲಾರಿ ಹತ್ತುತ್ತದೆ, ಇದನ್ನೆಲ್ಲ ಅವಳು ನೋಡುತ್ತಾಳೆ. ಎಲ್ಲ ಸರಿಯಿದ್ದರೆ ಬಾಗಿಲ ಪಕ್ಕ ಒಂದು ಬಿಲ್ಲೆ ಅಂಟಿಸುತ್ತಾರೆ. ಮೊದಮೊದಲು ಜ್ಞಾನಭಾರತಿಯ ಆಚೆ ಮಣ್ಣಿನ ಇಟ್ಟಿಗೆಯ ಮನೆಗಳನ್ನು ಕಟ್ಟಿಸಿ, ಉಗುರಿನಲ್ಲಿ ಕೆಂಪು ಮಣ್ಣು ತುಂಬಿಕೊಂಡು ಬರುತ್ತಿದ್ದಳು. ಆಮೇಲೆ ಕೆಂಗೇರಿ ರಸ್ತೆಯಲ್ಲಿ ದೊಡ್ಡ ದೊಡ್ಡ ಆಫೀಸುಗಳು ಬಂದವು. ಉಗುರು ಸ್ವಚ್ಛವಾಯಿತು, ಮುಖ ಸಪ್ಪಗಾಯಿತು. ಒಂದು ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಕಾಫಿ ಲೋಟ ತಿರುಗಿಸುತ್ತಾ ಹೇಳಿದಳು.

"ಇವತ್ತು ಇನ್ನೊಂದು ಗಾಜಿನ ಡಬ್ಬಕ್ಕೆ ಬಿಲ್ಲೆ ಅಂಟಿಸಿ ಬಂದೆ ಅತ್ತಿಗೆ. ಒಂದು ಕಿಟಕಿ ತೆಗೆಯೋಕಾಗಲ್ಲ. ಇಡೀ ದಿನ ಏಸಿ. ಆದ್ರೂ ಹಸಿರಂತೆ."

"ಮತ್ಯಾಕೆ ಅಂಟಿಸ್ದೆ?"

"ಲೆಕ್ಕದಲ್ಲಿ ಪಾಸಾಯ್ತಲ್ಲ."

ಅವಳ ಜೀವ ಇದ್ದದ್ದು ಭಾನುವಾರದ ನಡಿಗೆಯಲ್ಲಿ. ಮಹಾಲಕ್ಷ್ಮಿ ಲೇಔಟಿನ ಪಾರ್ಕಿನಿಂದ ಹೊರಟು, ಕುರುಬರಹಳ್ಳಿ ದಾಟಿ, ರಾಜಕಾಲುವೆಯ ದಂಡೆ ಹಿಡಿದು, ಬಸವೇಶ್ವರನಗರದ ತನಕ ಹದಿನೈದಿಪ್ಪತ್ತು ಜನರನ್ನು ಕರೆದುಕೊಂಡು ಹೋಗುತ್ತಿದ್ದಳು. ದಾರಿಯುದ್ದಕ್ಕೂ ಮರ, ಹಳೆಯ ಬಾವಿ, ಮೋರಿಯಾಗುವ ಮೊದಲು ಹಳ್ಳವಾಗಿದ್ದ ನೀರು, ಎಲ್ಲವನ್ನೂ ತೋರಿಸುತ್ತಿದ್ದಳು. ಇದನ್ನು ಬೋರ್ಡು ಹಾಕಿದ, ಕಲ್ಲು ಹಾಸಿದ, ಯಾರು ಬೇಕಾದರೂ ನಡೆಯಬಹುದಾದ ಕಾಯಂ ಕಾಲುದಾರಿ ಮಾಡಬೇಕು ಎಂಬುದು ಅವಳ ಆಸೆ. ನಡುವೆ ಒಂದೇ ಒಂದು ಕಡೆ ದಾರಿ ತುಂಡಾಗುತ್ತಿತ್ತು. ಜನ ಮೇನ್ ರೋಡಿಗೆ ಇಳಿದು ಬಸ್ಸುಗಳ ಪಕ್ಕದಲ್ಲಿ ಜೀವ ಹಿಡಿದು ನಡೆಯಬೇಕಿತ್ತು. ಆ ತುಂಡನ್ನು ಜೋಡಿಸುವ ದಾರಿ ನಮ್ಮ ಮನೆಗಳ ಹಿಂದಿನ ಕನ್ಸರ್ವೆನ್ಸಿ. ಎಂಬತ್ತು ಹೆಜ್ಜೆ.

ವಾರ್ಡ್ ಆಫೀಸಿನವರು ಸುಲಭವಾಗಿಯೇ ಹೇಳಿದರು. ಎರಡೂ ಕಡೆಯ ಮನೆಯವರು ಒಪ್ಪಿ ಸಹಿ ಹಾಕಿದ ಪತ್ರ ಕೊಟ್ಟರೆ ಓಣಿಯನ್ನು ಬಿಡಿಸಿ ಕಲ್ಲು ಹಾಸಿಕೊಡುತ್ತೇವೆ, ಪತ್ರ ಕನ್ನಡದಲ್ಲಿರಲಿ.

ನಾದಿನಿಯ ಕನ್ನಡ ಮಾತಿಗೆ ಸಾಕು, ಬರವಣಿಗೆಗೆ ಸಾಲದು. ನನ್ನ ಗಂಡ ಪೇಪರಿನಿಂದ ತಲೆಯೆತ್ತದೆ, "ನಿಮ್ಮತ್ತಿಗೆ ಕೈಲಿ ಬರೆಸು. ಪ್ರಿಂಟ್ ಹಾಕ್ದಂಗಿರತ್ತೆ" ಎಂದರು.

ಬರೆಯಲು ಕುಳಿತೆ. ಕನ್ಸರ್ವೆನ್ಸಿಗೆ ಕನ್ನಡದಲ್ಲಿ ಏನೆನ್ನಬೇಕು? ಕಾನ್ವೆಂಟಿನಲ್ಲಿ ಬಹುಮಾನ ಬಂದಿದ್ದ ಹಳೆಯ ನಿಘಂಟು ತೆಗೆದೆ. ಪುಟ ಸಿಕ್ಕಿತು. ಆದರೆ ಕಣ್ಣು ಒಂದು ಸಾಲು ಕೆಳಗೆ ಹೋಗಿ, ಕನ್ಸರ್ವೇಶನ್ ಎಂಬ ಪದದ ಎದುರು ನಿಂತಿತು. ಸಂರಕ್ಷಣೆ. ಎರಡೂ ಒಂದೇ ಬೇರಿನ ಪದಗಳು, ಅರ್ಥವೂ ಒಂದೇ ಇರಬೇಕು ಎಂದುಕೊಂಡೆ. ಅದೂ ಅಲ್ಲದೆ ಬರೆಯಲು ಎಂಥ ಚೆಂದದ ಪದ! ಆ ‘ಕ್ಷ’ ನನ್ನ ಕೈಯಲ್ಲಿ ಬಹಳ ಚೆನ್ನಾಗಿ ಬರುತ್ತದೆ. "ನಮ್ಮ ಮನೆಗಳ ಹಿಂಭಾಗದ ಸಂರಕ್ಷಣಾ ಓಣಿಯ ಸಂರಕ್ಷಣೆಗೆ ನಾವೆಲ್ಲರೂ ಮನಃಪೂರ್ವಕವಾಗಿ ಒಪ್ಪಿರುತ್ತೇವೆ" ಎಂದು ಬರೆದು ಕೆಳಗೆ ಹನ್ನೆರಡು ಗೆರೆ ಎಳೆದೆ. ಜೊತೆಗೆ ನಾದಿನಿಯ ನಕ್ಷೆ. ಅದರಲ್ಲಿ ಓಣಿಗೆ ತಿಳಿ ಹಸಿರು ಬಣ್ಣ.

ಸಹಿ ಮಾಡಿಸಲು ಹೋದ ದಿನವನ್ನು ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ, ನಾಚಿಕೆಗೆ. ಒಬ್ಬರ ಮನೆಯಲ್ಲಿ ಪಾಯಸ, ಒಬ್ಬರ ಮನೆಯಲ್ಲಿ ಬಾದಾಮಿ ಹಾಲು. "ಎಂಥ ಅಕ್ಷರ ಮೇಡಂ, ಫ್ರೇಮ್ ಹಾಕ್ಸಿ ಇಡ್ಬೇಕು" ಎಂದು ಒಬ್ಬರು. ಗುಮಾಸ್ತರು ಮಾತ್ರ ಕನ್ನಡಕ ಮೂಗಿನ ತುದಿಗೆ ಇಳಿಸಿ ಎರಡು ಸಲ ಓದಿದರು. ಅವರ ಬೆರಳು ನಕ್ಷೆಯಲ್ಲಿ ತಮ್ಮ ರೂಮು ಇರುವ ಜಾಗವನ್ನು ಮುಚ್ಚಿಕೊಂಡಿತ್ತು.

"ಅಂದ್ರೆ ಹಿಂದ್ಗಡೆ ಇರೋದೆಲ್ಲ ಹಾಗೇ ಇರತ್ತೆ ತಾನೇ ಮೇಡಂ?"

ನಾದಿನಿ ಆಗ ಗೇಟಿನ ಹತ್ತಿರ ಫೋನಿನಲ್ಲಿದ್ದಳು. ಉತ್ತರ ಕೊಡಬೇಕಾದವಳು ನಾನು. ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಕಾಲುದಾರಿಗೆ ಕಲ್ಲು ಹಾಸುವಾಗ ನಡುವೆ ರೂಮು ಇರಲು ಸಾಧ್ಯವೇ?

"ಸಂರಕ್ಷಣೆ ಅಂತ ಬರ್ದಿದೀನಲ್ಲ ಸಾರ್" ಎಂದೆ. ನಕ್ಕೆ ಕೂಡ.

ಅವರೂ ನಕ್ಕು ಸಹಿ ಹಾಕಿದರು. ಪದದ ಅರ್ಥ ತಪ್ಪಿದ್ದು ಅಂದಾಜಿನಿಂದ. ಆ ಉತ್ತರ ಅಂದಾಜಿನದಲ್ಲ.

ಹನ್ನೆರಡು ಸಹಿ ಇರುವ ಪತ್ರ ಆಫೀಸು ಸೇರಿದ ವಾರವೇ ನಾದಿನಿ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಇನ್ನು ಬಿಲ್ಲೆ ಅಂಟಿಸುವುದಿಲ್ಲ, ದಾರಿ ಮಾಡುತ್ತೇನೆ ಎಂದಳು. ನನ್ನ ಗಂಡ, "ದಾರಿ ಮಾಡೋದು ಆಮೇಲೆ, ಮೊದ್ಲು ತಲೆ ಸರಿ ಮಾಡ್ಕೊ" ಎಂದರು. ಅವಳು ಅಣ್ಣನ ತಲೆಯ ಮೇಲೆ ಟವೆಲ್ ಎಸೆದು ಮಹಡಿ ಹತ್ತಿದಳು. ಅಷ್ಟು ಹಗುರವಾಗಿ ಅವಳು ಮೆಟ್ಟಿಲು ಹತ್ತಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ತಿಂಗಳು ಕಳೆದ ಮೇಲೆ ಅಳತೆಯವರು ಬಂದರು. ಟೇಪು ಹಿಡಿದು, ನಮ್ಮ ಹಿತ್ತಿಲುಗಳಿಗೆ ನುಗ್ಗಿ, ಓಣಿಗೆ ಸೇರಿದ ಗೋಡೆಗಳ ಮೇಲೆಲ್ಲ ಕೆಂಪು ಬಣ್ಣದಲ್ಲಿ ಒಂದೊಂದು ಗುಣಾಕಾರದ ಗುರುತು ಹಾಕಿದರು. ನಮ್ಮ ಒಗೆಯುವ ಕಲ್ಲಿನ ಮೇಲೂ ಒಂದು ಬಿತ್ತು. ಬಣ್ಣ ಒಣಗುವ ಮೊದಲೇ ಇಳಿದು, ಕಲ್ಲಿನ ಗೀರುಗಳಲ್ಲಿ ಸೇರಿಕೊಂಡಿತು.

ಮರುದಿನ ಬೆಳಿಗ್ಗೆ ಕುಕ್ಕರ್ ಎರಡನೆಯ ಸಲ ಕೂಗುವಾಗ ಗೇಟಿನ ಚಿಲಕ ಬಡಿದುಕೊಂಡಿತು. ಹತ್ತು ಮನೆಯವರೂ ಬಂದಿದ್ದರು. ಗುಮಾಸ್ತರ ಕೈಯಲ್ಲಿ ನನ್ನ ಪತ್ರದ ಜೆರಾಕ್ಸ್.

"ಬರ್ದಿರೋದು ಯಾರು?"

"ನಾನೇ ಸಾರ್."

"ಓದಿ ಮೇಡಂ. ಗಟ್ಟಿಯಾಗಿ ಓದಿ, ಎಲ್ರೂ ಕೇಳಲಿ."

ಓದಿದೆ. ಸಂರಕ್ಷಣೆ ಎಂಬಲ್ಲಿ ಅವರು ಕೈ ಎತ್ತಿ ನಿಲ್ಲಿಸಿದರು.

"ಈ ಪದಕ್ಕೆ ಕಾನ್ವೆಂಟಲ್ಲಿ ಏನು ಅರ್ಥ ಹೇಳ್ಕೊಟ್ಟಿದಾರೆ? ಒಡೆಯೋದು ಅಂತಾನಾ? ನಮ್ಮಂಥ ಸರ್ಕಾರಿ ಸ್ಕೂಲೋರಿಗೆ ಕಾಪಾಡೋದು ಅಂತ ಹೇಳ್ಕೊಟ್ಟಿದಾರೆ."

ಹಿಂದಿನಿಂದ ಯಾರೋ ನಕ್ಕರು. ನನಗೆ ಪಾಯಸ ಕೊಟ್ಟಿದ್ದ ಹೆಂಗಸು ಮುಂದೆ ಬಂದರು. "ನಿಮ್ಮ ನಾದಿನಿಗೇನಮ್ಮ, ಗಂಡ ಮಕ್ಕಳ ತಾಪತ್ರಯ ಇಲ್ಲ. ಊರೋರ ಹಿತ್ಲಲ್ಲಿ ವಾಕಿಂಗ್ ಮಾಡೋಕೆ ಟೈಮಿದೆ. ನಮ್ಮ ಬಚ್ಚಲು, ನಮ್ಮ ಒಣಗಾಕಿದ ಲಂಗ ನೋಡ್ಕೊಂಡು ಹೋಗೋಕೆ ಜನ ಕರ್ಕೊಂಡ್ಬರ್ತಾಳಂತೆ!"

"ಆಂಟಿ, ಓಣಿ ನಿಮ್ಮದಲ್ಲ. ಪ್ಲಾನ್ ತೋರಿಸ್ಲಾ?" ನಾದಿನಿ ಮೆಟ್ಟಿಲ ಮೇಲಿಂದ ಕೇಳಿದಳು.

"ಬಂದ್ರಪ್ಪ ಹಸಿರು ಮೇಡಂ! ನಿಮ್ಮ ಒಗೆಯೋ ಕಲ್ಲು ಎಲ್ಲಿದೆ ಮೇಡಂ? ಚಂದ್ರಲೋಕದಲ್ಲಾ?" ಗುಂಪಿನಲ್ಲಿ ಯಾರೋ ಕೂಗಿದರು.

ಅರ್ಧ ಗಂಟೆ ಹೀಗೇ. ನಾನು ಕೈ ಕಟ್ಟಿಕೊಂಡು ನಿಂತು ಅವರ ಚಪ್ಪಲಿಗಳನ್ನು ನೋಡುತ್ತಿದ್ದೆ. ಒಬ್ಬೊಬ್ಬರನ್ನೂ ಎಷ್ಟು ದ್ವೇಷಿಸಿದೆ ಎಂದರೆ, ಅವರವರ ಚಪ್ಪಲಿಯ ಸವೆದ ಹಿಮ್ಮಡಿ ಯಾವುದೆಂದು ಇವತ್ತಿಗೂ ಹೇಳಬಲ್ಲೆ. ಆದರೆ ಬಾಯಲ್ಲಿ ಬಂದದ್ದು "ಒಳಗ್ಬನ್ನಿ, ಕಾಫಿ ಕುಡೀರಿ" ಎಂದೇ. "ನಿಮ್ಮ ಕಾಫೀಗೂ ಸೈನ್ ಹಾಕ್ಬೇಕೇನೋ" ಎಂದು ಗುಮಾಸ್ತರು ಹೊರಟರು.

ಎಲ್ಲರೂ ಹೋದ ಮೇಲೆ ರೊಟ್ಟಿಯ ಹೆಂಗಸು ಒಬ್ಬಳೇ ಗೇಟಿನ ಹತ್ತಿರ ಉಳಿದಿದ್ದಳು. ಮೊಣಕೈ ತನಕ ಜೋಳದ ಹಿಟ್ಟು.

"ಅಕ್ಕಾರ, ಅದರಾಗ ನಂದೇನ ಸಹಿ ಇಲ್ಲಲ್ರೀ. ಮತ್ತ ನಮ್ಮನ್ನ ಯಾಕ ಎಬ್ಬಸಾಕತ್ತೀರಿ?"

ಅವಳು ಸ್ವಲ್ಪ ಹೊತ್ತು ನಿಂತು ಹೋದಳು. ಗೇಟಿನ ಕಂಬಿಯ ಮೇಲೆ ನಾಲ್ಕು ಬೆರಳಿನ ಬಿಳಿ ಗುರುತು ಉಳಿದಿತ್ತು. ಒರೆಸಲು ಹೋಗಿ, ಒರೆಸದೆ ಬಂದೆ.

ಆ ಮಧ್ಯಾಹ್ನ ನಿಘಂಟನ್ನು ಮತ್ತೆ ತೆಗೆದು ಒಂದು ಸಾಲು ಮೇಲೆ ನೋಡಿದೆ. ಕನ್ಸರ್ವೆನ್ಸಿ: ಊರಿನ ನೈರ್ಮಲ್ಯದ ವ್ಯವಸ್ಥೆ. ಕಾಪಾಡುವುದಕ್ಕೂ ಆ ಓಣಿಗೂ ಸಂಬಂಧವೇ ಇರಲಿಲ್ಲ.

ನಾದಿನಿ ಊಟಕ್ಕೆ ಇಳಿದಾಗ ಹೇಳಿದೆ. "ಪತ್ರ ತಪ್ಪಾಗಿದೆ ಕಣೇ. ಬೇರೆ ಬರ್ದು ಎಲ್ರ ಮನೆಗೂ ಹೋಗಿ ಓದಿ ಹೇಳ್ತೀನಿ. ಬೇಡ ಅನ್ನೋರು ಸಹಿ ಹೊಡ್ದಾಕ್ಲಿ."

ಅವಳು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದಳು. "ಅತ್ತಿಗೆ, ಸೈನ್ ಅಂದ್ರೆ ಸೈನು. ಓದ್ದೇ ಹಾಕಿದ್ರೆ ಅದು ಅವ್ರ ತಪ್ಪು."

"ಓದಿದ್ರು. ನಾನು ಬರ್ದಿದ್ದನ್ನೇ ಓದಿದ್ರು."

"ಅವರೇನು ಸಾಚಾಗಳಾ? ಕದ್ದ ಜಾಗ ಅದು! ನಾನು ಕೆಲಸ ಬಿಟ್ಟಿದೀನಿ. ಗೊತ್ತಿದೆ ತಾನೇ ನಿಮಗೆ?"

"ಗೊತ್ತಿದೆ."

"ಇಪ್ಪತ್ತೆರಡು ವರ್ಷ ಸುಳ್ಳು ಬಿಲ್ಲೆ ಅಂಟಿಸ್ದೆ. ಒಂದು ನಿಜವಾದ ಕೆಲಸ ಮಾಡೋಣ ಅಂದ್ರೆ ನಿಮ್ಮ ಮಾರಲ್ ಸೈನ್ಸ್ ಪೀರಿಯಡ್ ಶುರುವಾಯ್ತಾ?"

"ಇದೂ ಸುಳ್ಳು ಬಿಲ್ಲೆನೇ ಅಲ್ವೇನೇ? ಈ ಸಲ ಅಂಟಿಸಿದ್ದು ನಾನು, ಅಷ್ಟೇ."

ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದಳು. ಸಾರಿನಲ್ಲಿ ಕಲಸಿದ ಅನ್ನ, ಮೇಲೆ ನೀರು. ನಮ್ಮ ಮನೆಯಲ್ಲಿ ಹಾಗೆ ಯಾರೂ ಎದ್ದು ಹೋದದ್ದಿಲ್ಲ.

ಎರಡನೆಯ ಪತ್ರದಲ್ಲಿ ಚೆಂದದ ಪದ ಒಂದೂ ಇರಲಿಲ್ಲ. "ಓಣಿಯಲ್ಲಿ ನಾವು ಕಟ್ಟಿಕೊಂಡಿರುವುದನ್ನು ಒಡೆದು, ಜಾಗ ತೆರವು ಮಾಡಿ, ಜನ ನಡೆಯಲು ಬಿಟ್ಟುಕೊಡಲು ಒಪ್ಪುತ್ತೇವೆ." ಹಳೆಯ ಪತ್ರದ ಜೆರಾಕ್ಸನ್ನೂ ಇದನ್ನೂ ಹಿಡಿದುಕೊಂಡು ಹೊರಟೆ. ಮೊದಲು ಗುಮಾಸ್ತರ ಮನೆ. ಬಾಗಿಲಲ್ಲೇ ನಿಂತು ಓದಿದೆ. ಒಳಗೆ ಬನ್ನಿ ಎನ್ನಲಿಲ್ಲ.

"ಅವತ್ತು ನೀವು ಕೇಳಿದಾಗ ನಾನು ಸರಿಯಾಗಿ ಉತ್ತರ ಕೊಡ್ಲಿಲ್ಲ ಸಾರ್. ಗೊತ್ತಿದ್ದೂ ಕೊಡ್ಲಿಲ್ಲ."

ಕ್ಷಮಿಸಿಯಾರು ಎಂಬ ಸಣ್ಣ ಆಸೆ ಇತ್ತು, ಸುಳ್ಳೇಕೆ ಹೇಳಲಿ. ಅವರು ಜೇಬಿನಿಂದ ಪೆನ್ನು ತೆಗೆದು ತಮ್ಮ ಹಳೆಯ ಸಹಿಯ ಮೇಲೆ ಕಾಗದ ಹರಿಯುವಷ್ಟು ಒತ್ತಿ ಗೀಟು ಎಳೆದರು. "ಈಗ ನೀವೇ ಒಪ್ಕೊಂಡಂಗಾಯ್ತು, ಮೋಸ ಅಂತ" ಎಂದರು. ನಾನು ಗೇಟು ದಾಟುವಷ್ಟರಲ್ಲಿ ಬೀದಿಯ ವಾಟ್ಸ್ಯಾಪ್ ಗ್ರೂಪಿನಲ್ಲಿ ಅದು ಬಂದಿತ್ತು. ಎರಡನೆಯ ಮನೆಯವರು ಬಾಗಿಲು ತೆಗೆಯುವಾಗಲೇ ಪೆನ್ನು ಹಿಡಿದಿದ್ದರು. ಒಂಬತ್ತನೆಯ ಮನೆಯಲ್ಲಿ ನಾನು ಓದಿ ಮುಗಿಸುವ ತನಕ ಟೀವಿಯ ಸದ್ದನ್ನು ಏರಿಸುತ್ತಲೇ ಇದ್ದರು.

ಕೊನೆಗೆ ನಮ್ಮ ಹಿಂದಿನ ಮನೆಯ ಅಜ್ಜಿ. ಅವರ ಬೆನ್ನುಗೋಡೆ ನಮ್ಮ ಬೆನ್ನುಗೋಡೆಗೆ ನೇರ ಎದುರು. ಜಗಳಕ್ಕೆಂದು ಗೇಟಿಗೆ ಬಾರದೆ ಇದ್ದವರು ಅವರೊಬ್ಬರೇ. ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು.

"ಓದ್ಬೇಡ ಸಾಕು. ನಂಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೇ ಹಾಕಿದ್ದು."

"ಮತ್ತೆ ನಿಮ್ಮ ಬಚ್ಚಲು ಮನೆ ಅಜ್ಜಿ?"

"ಹೋಗ್ಲಿ. ಆ ಗುಮಾಸ್ತ ನನ್ನ ಬಚ್ಚಲ ನೀರು ಹೋಗೋ ದಾರೀಲಿ ರೂಮ್ ಎಬ್ಬಿಸ್ದ. ಎಷ್ಟು ವರ್ಷದಿಂದ ಪಾತ್ರೇಲಿ ನೀರು ಎತ್ತಿ ಎತ್ತಿ ಚೆಲ್ತಿದೀನಿ. ಅವನ್ದು ಬೀಳತ್ತೆ ಅಂದ್ರೆ ನನ್ದೂ ಬೀಳ್ಲಿ ಬಿಡು."

"ಅವರು ಸಹಿ ಹೊಡ್ದಾಕಿದ್ರು ಅಜ್ಜಿ. ಅದು ಬೀಳಲ್ಲ ಇನ್ನು."

ಅವರು ಬೀಜ ಬಿಡಿಸುವುದನ್ನು ನಿಲ್ಲಿಸಿ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದರು. "ನಿಂಗೆ ಬುದ್ಧಿ ಇದ್ಯೇನೇ? ಇಷ್ಟು ಚೆನ್ನಾಗಿ ಮೋಸ ಮಾಡ್ಬಿಟ್ಟು, ಹೋಗಿ ಹೇಳ್ಕೊಂಡು ಬಂದ್ಯಾ?" ಆಮೇಲೆ ಸ್ವಲ್ಪ ತಡೆದು, "ಅದೇನದು, ಸಂರಕ್ಷಣಾ ಓಣಿ? ಯಾರು ಹೇಳ್ಕೊಟ್ರು ಆ ಹೆಸ್ರು? ಅದು ಕಕ್ಕಸು ಬಳ್ಕೊಂಡು ಹೋಗೋರ ದಾರಿ ಕಣೇ. ನಾನು ಮದ್ವೆಯಾಗಿ ಬಂದಾಗ ಹಿಂದಿನ ಬಾಗ್ಲಿಂದ ಒಬ್ಳು ಬರೋಳು, ತಗಡಿನ ಡಬ್ಬ ಹಿಡ್ಕೊಂಡು. ಮುಂದಿನ ರೋಡಲ್ಲಿ ಅವಳು ನಡೆಯೋ ಹಂಗಿರ್ಲಿಲ್ಲ. ಅವಳ ಮುಖ ನಾವು ನೋಡ್ಬಾರ್ದು, ಅದಕ್ಕೇ ಆ ಓಣಿ. ಅವಳ ಹೆಸ್ರೂ ನಂಗೆ ಗೊತ್ತಾಗ್ಲಿಲ್ಲ. ಕನ್ಸರ್ವೆನ್ಸಿಯೋಳು ಅಂತಿದ್ವಿ."

ಮನೆಗೆ ಬಂದು ಹಿತ್ತಿಲಲ್ಲಿ ಕೂತೆ. ಒಗೆಯುವ ಕಲ್ಲಿನ ಮೇಲೆ, ಕೆಂಪು ಗುರುತಿನ ಪಕ್ಕ. ಇಷ್ಟು ವರ್ಷ ನಾನು ಸೀರೆ ಕುಕ್ಕಿದ ಜಾಗ ಯಾರು ನಡೆದ ದಾರಿ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಗೀಟು ಬಿದ್ದ ಜೆರಾಕ್ಸನ್ನು ನಾನೇ ಆಫೀಸಿಗೆ ಕೊಟ್ಟು ಬಂದೆ; ಪತ್ರ ವಾಪಸಾಯಿತು. ಹನ್ನೆರಡರಲ್ಲಿ ಎರಡು ಸಹಿ ಉಳಿದಿದ್ದವು. ಎರಡು ಸಹಿಗೆ ಕಲ್ಲು ಹಾಸಲು ಬರುವುದಿಲ್ಲ ಎಂದು ಆಫೀಸಿನವರು ಹೇಳಿದರು, ಅದು ನ್ಯಾಯವೇ. ನಾದಿನಿ ಕೆಳಗೆ ಕಾಫಿಗೆ ಬರುವುದನ್ನು ನಿಲ್ಲಿಸಿದಳು. ಮಹಡಿಯ ಮೇಲೆ ಅವಳು ಅತ್ತಿಂದಿತ್ತ ನಡೆಯುವ ಸದ್ದು ನನ್ನ ಅಡುಗೆಮನೆಯ ತಾರಸಿಯ ಮೇಲೆ ಕೇಳುತ್ತಿತ್ತು. ಊರಿಗೆಲ್ಲ ದಾರಿ ಮಾಡಲು ಹೊರಟವಳು ಆ ಹದಿನಾಲ್ಕು ಅಡಿ ರೂಮಿನಲ್ಲಿ ನಡೆಯುತ್ತಿದ್ದಳು. ಹಳೆಯ ಆಫೀಸು ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಗಿತ್ತು. ಬೀದಿಯವರು ತಮ್ಮ ಕೆಲಸ ಶುರು ಮಾಡಿದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಯಾರೂ ಕರೆಯಲಿಲ್ಲ. ನಮ್ಮ ಗೇಟನ್ನು ಮಾತ್ರ ಬಿಟ್ಟು ಎರಡೂ ಪಕ್ಕದ ಗೇಟಿಗೆ ಎಳೆಮಕ್ಕಳ ಕೈಯಲ್ಲಿ ತಾಂಬೂಲ ಹೋಯಿತು. ಗೋಡೆಯಾಚೆಯಿಂದ ಹಿತ್ತಿಲಿಗೆ ಕಸದ ಕವರು ಬೀಳತೊಡಗಿತು: ಒಂದು ದಿನ ಬಾಳೆಹಣ್ಣಿನ ಸಿಪ್ಪೆ, ಒಂದು ದಿನ ಕಾಫಿಪುಡಿಯ ಗಸಿ. ಹಸಿ ಕಸ, ಒಣ ಕಸ ಬೇರೆ ಮಾಡಿ ಅಂತ ನಾದಿನಿ ಹೇಳಿಕೊಟ್ಟಿದ್ದನ್ನು ಅವರು ಚೆನ್ನಾಗಿಯೇ ಕಲಿತಿದ್ದರು. ಎಸೆಯುವಾಗಲೂ ಬೇರೆ ಬೇರೆ ಎಸೆಯುತ್ತಿದ್ದರು.

ನಾನು ಗಾರೆಯವನನ್ನು ಕರೆಸಿದೆ. ನನ್ನ ಗಂಡನಿಗೆ ಹೇಳಿದಾಗ ಅವರು ಪೇಪರು ಮಡಿಸಿಟ್ಟರು.

"ಅಪ್ಪ ಕಟ್ಟಿಸಿದ್ದು ಕಣೇ."

"ಗೊತ್ತು ರೀ. ಅಷ್ಟು ಮನೆ ಬಾಗಿಲಲ್ಲಿ ನಿಂತು ಒಡೀರಿ ಅಂತ ಓದಿ ಬಂದಿದೀನಿ. ನಮ್ಮದೇ ಹಾಗೇ ಇದ್ರೆ ಹೇಗೆ?"

"ಬಟ್ಟೆ ಎಲ್ಲಿ ಒಗೀತೀಯ?"

"ಮಷಿನ್ ಕೊಡ್ಸಿ."

ಒಂದೇ ದಿನದಲ್ಲಿ ಗೋಡೆ ಇಳಿಯಿತು. ಕರಿಬೇವಿನ ಗಿಡ ಉಳಿಸಿಕೊಂಡೆ, ಅದು ದಾರಿಗೆ ಅಡ್ಡ ಬರುವುದಿಲ್ಲ. ಮಧ್ಯಾಹ್ನ ಅಜ್ಜಿ ತಮ್ಮ ಕಡೆಯಿಂದ ಗಾರೆಯವನನ್ನು ಕೂಗಿದರು. "ಏ ಅಪ್ಪಾ, ಈ ಕಡೆದೂ ಒಡ್ದು ಹೋಗು. ಹೆಂಗೂ ಸುತ್ತಿಗೆ ತಂದಿದೀಯ." ಸಂಜೆಗೆ ನಮ್ಮ ಹಿತ್ತಿಲಿಗೂ ಅವರ ಹಿತ್ತಿಲಿಗೂ ನಡುವೆ ಮೂವತ್ತು ಅಡಿ ಉದ್ದದ ಓಣಿ ಬೆಳಕಿಗೆ ಬಂತು. ಒಂದು ತುದಿಯಲ್ಲಿ ಗುಮಾಸ್ತರ ರೂಮು, ಇನ್ನೊಂದು ತುದಿಯಲ್ಲಿ ಪಾಯಸದ ಮನೆಯವರ ಗೋಡೆ. ಎಲ್ಲಿಂದಲೂ ಬಾರದ, ಎಲ್ಲಿಗೂ ಹೋಗದ ಓಣಿ.

ನಾದಿನಿ ಮಹಡಿಯ ಕಟಕಟೆಯಿಂದ ನೋಡಿದಳು. ಮರುದಿನ ಗಾರೆಯವನು ಇಟ್ಟಿಗೆ ಚೂರು ತುಂಬಲು ಗೋಣಿಚೀಲ ಬಿಡಿಸುತ್ತಿದ್ದಾಗ ಇಳಿದು ಬಂದಳು. "ಒಂದು ಚೂರೂ ಆಚೆ ಹೋಗ್ಬಾರ್ದು" ಎಂದಳು. ಅವನಿಗೆ, ನನಗಲ್ಲ. ನಾಲ್ಕು ದಿನ ಕುಕ್ಕರಗಾಲಿನಲ್ಲಿ ಕೂತು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಸಂದಿಗೆ ಮರಳು ತುಂಬಿ, ಮಳೆ ನೀರು ಇಂಗುವಂತೆ ನೆಲ ಮಾಡಿದಳು. ಅಜ್ಜಿಯ ಬಚ್ಚಲಿನ ನೀರಿಗೆ ಒಂದು ಗುಂಡಿ ತೋಡಿಸಿ ಬಾಳೆ ನೆಟ್ಟಳು. ಒಗೆಯುವ ಕಲ್ಲನ್ನು ಮಲಗಿಸಿ ಕೂರುವ ಕಟ್ಟೆ ಮಾಡಿದಳು. ಕೆಂಪು ಗುರುತು ಮೇಲ್ಮುಖವಾಗಿಯೇ ಇತ್ತು. ನಾನು ಕಾಫಿ ಮಾಡಿ ಕಲ್ಲಿನ ಮೇಲಿಟ್ಟು ಬರುತ್ತಿದ್ದೆ. ಲೋಟ ಖಾಲಿಯಾಗಿ ಅಲ್ಲೇ ಇರುತ್ತಿತ್ತು. ಅವಳ ಉಗುರಿನಲ್ಲಿ ಮತ್ತೆ ಕೆಂಪು.

ಮೊನ್ನೆ ಭಾನುವಾರ ನಡಿಗೆಯವರನ್ನು ನಮ್ಮ ಮನೆಯ ಪಕ್ಕದ ಸಂದಿಯಿಂದ ಒಳಗೆ ಕರೆತಂದಳು. ಆಚೆ ಅಜ್ಜಿಯ ಸಂದಿಯಿಂದ ಹೊರಗೆ ಹೋಗಬಹುದು. ಅಜ್ಜಿ ಅದಕ್ಕೆ ಒಪ್ಪಿದ್ದು ಗುಮಾಸ್ತರ ಹೊಟ್ಟೆ ಉರಿಯಲಿ ಎಂದು. ಹಾಗೆಂದು ಎಲ್ಲರಿಗೂ ಕೇಳುವಂತೆ ಹೇಳಿದರು ಕೂಡ. ಇದರಿಂದ ಮೇನ್ ರೋಡಿನ ಒಂದು ತಿರುವು ತಪ್ಪುತ್ತದೆ, ಬಸ್ಸುಗಳೇನೂ ತಪ್ಪುವುದಿಲ್ಲ. "ಇದು ಕಾಲುದಾರಿ ಅಲ್ಲ, ಒಂದು ಅಡ್ಡದಾರಿ" ಎಂದು ನಾದಿನಿ ಅವರಿಗೆ ಹೇಳುವುದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಕೇಳಿಸಿತು. ಹದಿನೆಂಟು ಜನ ಮೂವತ್ತು ಅಡಿಯಲ್ಲಿ ಒತ್ತಿಕೊಂಡು ನಿಂತಿದ್ದರು. ಅವಳು ಮರಗಳ ಬಗ್ಗೆ ಹೇಳಲಿಲ್ಲ. ತಗಡಿನ ಡಬ್ಬ ಹಿಡಿದು ಈ ಓಣಿಯಲ್ಲಿ ಬರುತ್ತಿದ್ದ, ಹೆಸರು ಯಾರಿಗೂ ಗೊತ್ತಿಲ್ಲದ ಹೆಂಗಸಿನ ಬಗ್ಗೆ ಹೇಳಿದಳು. ಅಜ್ಜಿಯ ಬಾಯಿಂದ ಕೇಳಿಕೊಂಡಿದ್ದಳು. ಆಮೇಲೆ ಆ ಪದವನ್ನೂ ಅದರ ಅರ್ಥವನ್ನೂ ಹೇಳಿದಳು. "ಇದನ್ನ ಸಂರಕ್ಷಣೆ ಅಂತ ಬರೆದೋರೂ ಇದ್ದಾರೆ" ಎಂದಳು. ನನ್ನ ಕಡೆ ನೋಡಲಿಲ್ಲ.

ಅಷ್ಟರಲ್ಲಿ ಗುಮಾಸ್ತರ ಕಡೆಯ ಗೋಡೆಯಿಂದ ಕವರು ಬಂತು. ಜನರ ನಡುವೆ ಒಗೆಯುವ ಕಲ್ಲಿನ ಮೇಲೆ ಬಿದ್ದು ಒಡೆಯಿತು. ತೊಳೆ ಬಿಡಿಸಿದ ಹಲಸಿನ ರೆಚ್ಚೆ, ಕೊಳೆತ ಟೊಮೇಟೊ. ಒಬ್ಬ ಹುಡುಗಿಯ ಬಿಳಿ ಬೂಟಿಗೆ ಸಿಡಿಯಿತು. ಪಕ್ಕದ ರೂಮಿನಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

ಇಷ್ಟು ತಿಂಗಳೂ ನಾನು ಪ್ರತಿ ದಿನ ಬಗ್ಗಿ ಗುಡಿಸಿ ನಮ್ಮ ಬುಟ್ಟಿಗೇ ಹಾಕಿಕೊಂಡಿದ್ದೆ. ಅವತ್ತೂ ಬಗ್ಗಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹರಿದ ಕವರಿಗೆ ರೆಚ್ಚೆಯನ್ನೆಲ್ಲ ಬಾಚಿ ತುಂಬಿ, ಬಾಯಿಗೆ ಗಂಟು ಹಾಕಿದೆ. ಸಿಸ್ಟರ್ ಕಲಿಸಿದ ಹಾಗೆ ನೀಟಾದ ಗಂಟು. ಗೋಡೆಯ ಎತ್ತರವನ್ನು ಒಂದು ಸಲ ಕಣ್ಣಲ್ಲಿ ಅಳೆದೆ. ಎಸೆದೆ.

ಆ ಕಡೆ ಏನೋ ಸ್ಟೀಲಿನದು ಉರುಳಿತು. "ಯಾವನೋ ಅವ್ನು!" ಎಂಬ ಗುಮಾಸ್ತರ ಕೂಗು.

"ಯಾವಳು ಅನ್ನಿ ಸಾರ್" ಎಂದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ.

ನಾದಿನಿ ನನ್ನನ್ನೇ ನೋಡುತ್ತಿದ್ದಳು. "ಹಸಿ ಕಸ ಅತ್ತಿಗೆ ಅದು" ಎಂದಳು. "ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಎಸೀಬಾರ್ದು."

ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ನಾನು ಕೈ ತೊಳೆಯಲು ಒಳಗೆ ಹೋದೆ.